ಗಂಡನ ಹೆಸರೂ ಟ್ಯಾಬ್ ಗುಂಡಿಯೂ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ತಮಿಳುನಾಡಿಗೆ ಸೇರಿದ ನಮ್ಮ ಗಡಿ ಊರು ಗುಮ್ಮಳಾಪುರದ ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಅದರ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಕಲಿಸುವವಳಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ ಹೇಳಿ. ಮಳೆಯಲ್ಲಿ ನೆನೆದು ಮುದ್ದೆಯಾದ ಆಧಾರ್ ಕಾರ್ಡು ತಂದು "ಇದುನ್ನ ವಸಿ ಬೆಳ್ಳಗೆ ತೆಗ್ದುಕೊಡು ವನಿತಾ" ಅನ್ನುವ ಜನ ಇವರು. ಇಷ್ಟು ಜನರ ನಡುವೆ ನನ್ನನ್ನು ಎಲ್ಲರಿಗಿಂತ ಹೆಚ್ಚು ರೇಗಿಸಿದವಳು ಮುನಿರತ್ನಮ್ಮ. ಎಲ್ಲರಿಗಿಂತ ಹೆಚ್ಚು ನಾನು ಇಷ್ಟಪಟ್ಟ ಶಿಷ್ಯೆಯೂ ಅವಳೇ. ಅದನ್ನು ಅವಳಿಗೆ ಹೇಳಲು ಹೋಗಬೇಡಿ, ತಲೆಯ ಮೇಲೆ ಹತ್ತಿ ಕೂರುತ್ತಾಳೆ.

ಮುನಿರತ್ನಮ್ಮನಿಗೆ ಐವತ್ತರ ಆಸುಪಾಸು. ಅಂಚೆಟ್ಟಿ ಕಡೆಯ ಬೆಟ್ಟದ ಊರಿನಿಂದ ಮದುವೆಯಾಗಿ ಬಂದವಳು. ಬಸ್ಸೇ ಬರದ ಊರಲ್ಲಿ ಒಂದು ದಿಬ್ಬದಿಂದ ಇನ್ನೊಂದು ದಿಬ್ಬಕ್ಕೆ ಕೂಗಿ ಮಾತಾಡಿ ಬೆಳೆದವಳಾದ್ದರಿಂದ, ಪಕ್ಕದಲ್ಲಿ ಕೂತವರ ಹತ್ತಿರವೂ ಅದೇ ಗಂಟಲಲ್ಲಿ ಮಾತಾಡುತ್ತಾಳೆ. ಬೈಯುವುದಕ್ಕೆ ತೆಲುಗು, ವ್ಯಾಪಾರಕ್ಕೆ ತಮಿಳು, ದೇವರ ಮುಂದೆ ಮತ್ತು ಹಸುವಿನ ಮುಂದೆ ಕನ್ನಡ. ಎಂಟನೇ ಕ್ಲಾಸಿನವರೆಗೆ ಓದಿದ್ದಾಳೆ, ಇಂಗ್ಲಿಷ್ ಅಕ್ಷರ ಗುರುತಿಸುತ್ತಾಳೆ. ಗಂಡ ಗೋಪಾಲಪ್ಪ ಮೆತ್ತಗಿನ ಮನುಷ್ಯ. ಒಬ್ಬಳೇ ಮಗಳು ಸುಗುಣಾ ಕೃಷ್ಣಗಿರಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ.

ನಮ್ಮೂರ ಹಾಲಿನ ಸಂಘಕ್ಕೆ ಒಂದು ಕಿಟಕಿ ಇದೆ. ಹಾಲು ತಂದವರು ಹೊರಗೆ ನಿಲ್ಲಬೇಕು. ಒಳಗೆ ಕುರ್ಚಿಯಲ್ಲಿ ಕೂತವರು ಹಾಲನ್ನು ಮಿಷನ್ನಿಗೆ ಹಾಕಿ, ಫ್ಯಾಟ್ ಎಷ್ಟು ಅಂತ ನೋಡಿ ಕಂಪ್ಯೂಟರಿಗೆ ಹೊಡೆದು, ಹೆಸರು ಹಿಡಿದು ಕೂಗಿ ಹೇಳಬೇಕು. ಕೆಲವು ವರ್ಷಗಳಿಂದ ಆ ಕುರ್ಚಿಯಲ್ಲಿ ಕೂತಿದ್ದವನು ಸಾಕ್ಷಾತ್ ಗೋಪಾಲಪ್ಪನೇ. ಹಾಗಂತ ಮುನಿರತ್ನಮ್ಮ ಸುಮ್ಮನಿರುತ್ತಿದ್ದಳೆ? "ಮನೇಲಿ ಕರೆಯೋವಾಗ ಬೆಣ್ಣೆ ತರ ಇದ್ದ ಹಾಲು ಕಿಟಕಿಗೆ ಬರೋಷ್ಟರಲ್ಲಿ ನೀರಾಗೋಯ್ತಾ? ನಿಮ್ಮ ಮಿಷನ್ನು ಹಸುನ ನೋಡೈತಾ?" ಎಂದು ಕಟ್ಟಿಕೊಂಡ ಗಂಡನನ್ನೇ ದಿನಾ ಬೆಳಿಗ್ಗೆ ಜಾಡಿಸುತ್ತಿದ್ದಳು.

ಗೋಪಾಲಪ್ಪ ಎಲ್ಲರನ್ನೂ ಹೆಸರಿಟ್ಟು ಕರೆಯುತ್ತಿದ್ದ. "ಗಂಗರತ್ನಮ್ಮಾ, ನಾಲ್ಕು ಪಾಯಿಂಟ್ ಒಂದು!" "ಪಿಳ್ಳಮ್ಮಾ, ಮೂರು ಪಾಯಿಂಟ್ ಎಂಟು!" ಹೆಂಡತಿಯ ಸರದಿ ಬಂದಾಗ ಮಾತ್ರ ಹೆಸರಿಲ್ಲ. ಒಂದು ಸಲ ಕೆಮ್ಮುತ್ತಿದ್ದ, ಬೆರಳಲ್ಲಿ ಕಿಟಕಿಯ ಕಂಬಿ ಟಕಟಕ ಬಡಿಯುತ್ತಿದ್ದ. ಅವಳು ಮುಂದೆ ಬರುತ್ತಿದ್ದಳು. ಮದುವೆಯಾದಾಗಿನಿಂದ ಅವನು ಅವಳನ್ನು ಹೆಸರಿಟ್ಟು ಕರೆದದ್ದನ್ನು ಊರಲ್ಲಿ ಯಾರೂ ಕೇಳಿಲ್ಲ.

ಹೀಗಿರುವಾಗ ಗೋಪಾಲಪ್ಪನಿಗೆ ಹೊಸೂರಿನ ಒಂದು ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿ ಹಗಲು ಶಿಫ್ಟಿನ ಕೆಲಸ ಸಿಕ್ಕಿತು. ಬೆಳಿಗ್ಗೆ ಸಂಘದ ಬಾಗಿಲು ತೆಗೆದು, ಕಂಪ್ಯೂಟರ್ ಆನ್ ಮಾಡಿಟ್ಟು, ಕಂಪನಿ ಬಸ್ಸು ಹತ್ತುತ್ತಿದ್ದ. ಆಮೇಲೆ ಬಿಡುವಿದ್ದವರು ಯಾರೋ ಕೂತು ಹೇಗೋ ತಳ್ಳುತ್ತಿದ್ದರು. ಕಾಯಂ ಆಗಿ ಅಲ್ಲಿ ಕೂರುವವರು ಯಾರು? ಸಂಘಗಳ ಮೇಲ್ವಿಚಾರಣೆಗೆ ಹೊಸೂರಿನಿಂದ ಬರುವ ಸೂಪರ್‌ವೈಸರ್ ಹರಿಕೃಷ್ಣ ಖಡಾಖಂಡಿತವಾಗಿ ಹೇಳಿ ಹೋದರು. ಈ ತಿಂಗಳ ಕೊನೆಗೆ ಬಂದು ಪರೀಕ್ಷೆ ಮಾಡುತ್ತಾರಂತೆ. ಯಾರ ಸಹಾಯವೂ ಇಲ್ಲದೆ ಆ ಕಂಪ್ಯೂಟರ್ ನಡೆಸುವವರು ಊರಿನಲ್ಲೇ ಇದ್ದರೆ ಸರಿ. ಇಲ್ಲದಿದ್ದರೆ ಹೊಸೂರಿನಿಂದ ಒಬ್ಬನನ್ನು ತಂದು ಕುರ್ಚಿಯಲ್ಲಿ ಕೂರಿಸುತ್ತಾರೆ.

ಮಾರನೆಯ ದಿನ ಮುನಿರತ್ನಮ್ಮ ಅಂಗಡಿಗೆ ಬಂದಳು. ಕೈಯಲ್ಲಿ ಹಾಲಿನ ಕ್ಯಾನು, ಸೀರೆಗೆ ಸಗಣಿ.

"ವನಿತಾ, ನಂಗೆ ಆ ಕುರ್ಚಿ ಬೇಕು ಕಣಮ್ಮಿ."

"ಯಾವ ಕುರ್ಚಿ ಅಕ್ಕಾ?"

"ಕಿಟಕಿ ಒಳಗಿಂದು. ಬಂದಾಗಿಂದ ಹೊರಗೇ ನಿಂತೀನಿ. ಮಳೆ ಬಂದ್ರೂ ಹೊರಗೆ, ಬಸ್ರಿ ಇದ್ದಾಗ್ಲೂ ಹೊರಗೆ. ಒಳಗೆ ಕೂತೋರು ಏನಂದ್ರೂ ಹೂಂ ಅನ್ಬೇಕು. ಒಂದ್ಸಲ ಒಳಗೆ ಕೂತು ನಾನು ಹೇಳ್ಬೇಕು, ಮಿಕ್ಕೋರು ಕೇಳ್ಬೇಕು. ನಂಗೆ ಕಲಿಸ್ತೀಯೋ ಇಲ್ವೋ?"

ಅವಳ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ನಾನು ಇಲ್ಲ ಅನ್ನಲಾಗಲಿಲ್ಲ.

ಸಂಘದ ಕಂಪ್ಯೂಟರಿನ ವಿಷಯ ಸ್ವಲ್ಪ ಹೇಳಬೇಕು. ಮೊದಲು ಅದರಲ್ಲಿ ಯಾರೋ ಪೆನ್ ಡ್ರೈವಿನಲ್ಲಿ ತಂದು ತುಂಬಿದ ಕಳ್ಳ ವಿಂಡೋಸ್ ಇತ್ತು. ಒಂದು ದಿನ ವೈರಸ್ ಬಂದು ತಿಂಗಳ ಹಾಲಿನ ಲೆಕ್ಕವೆಲ್ಲ ಕೊಚ್ಚಿಕೊಂಡು ಹೋಯಿತು. ನಾನು ರೇಗಿ, ಅದನ್ನು ಪೂರಾ ಅಳಿಸಿ ಲಿನಕ್ಸ್ ಹಾಕಿದೆ. ಅದಕ್ಕೆ ಕಾಸಿಲ್ಲ. ಊರವರೆಲ್ಲ ಸೇರಿ ಕೆರೆಯ ಹೂಳು ಎತ್ತುವ ಹಾಗೆ ಎಲ್ಲೆಲ್ಲಿಯವರೋ ಸೇರಿ ಕಟ್ಟಿದ್ದು, ಒಳಗೆ ಏನಿದೆ ಅಂತ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಇದನ್ನೆಲ್ಲ ಮುನಿರತ್ನಮ್ಮನಿಗೆ ಹೇಳಿದರೆ, "ಪುಕ್ಸಟ್ಟೆ ಕೊಡ್ತಾರೆ ಅಂದ್ರೆ ಹಲ್ಲು ನೋಡಿ ತಗೋಬೇಕು" ಅಂದಳು. ಹಸು ಕೊಳ್ಳುವವಳ ಬುದ್ಧಿ.

ಇನ್ನೊಂದು ತಾಪತ್ರಯ. ಸಂಘದ ಕೋಣೆಯಲ್ಲೇ ಹಿಂಡಿ ಬೂಸದ ಮೂಟೆಗಳು. ಮೂಟೆ ಇದ್ದಲ್ಲಿ ಇಲಿ. ಆ ಇಲಿಗಳಿಗೆ ಬೂಸಕ್ಕಿಂತ ಕಂಪ್ಯೂಟರ್ ಮೌಸಿನ ವೈರೇ ರುಚಿ. ಹೊಸ ಮೌಸು ತಂದರೆ ವಾರದೊಳಗೆ ಕಡಿದು ಹಾಕುತ್ತಿದ್ದವು. ಕೊನೆಗೆ ಗೋಪಾಲಪ್ಪ ಮೌಸಿನ ಆಸೆಯನ್ನೇ ಬಿಟ್ಟ. ಲಿನಕ್ಸ್‌ನಲ್ಲಿ ಟರ್ಮಿನಲ್ ಅಂತ ಒಂದು ಕಪ್ಪು ಪರದೆ ಇದೆ. ಅದರಲ್ಲಿ ಏನು ಬೇಕೋ ಅದನ್ನು ಟೈಪ್ ಮಾಡಿ ಎಂಟರ್ ಒತ್ತಿದರೆ ಕೆಲಸ ಆಗುತ್ತದೆ, ಮೌಸು ಬೇಕಿಲ್ಲ. ಅವನು ಅದರಲ್ಲೇ ಪಳಗಿದ್ದ, ಇವಳೂ ಅದರಲ್ಲೇ ಕಲಿಯಬೇಕಾಯಿತು.

ಬೆಳಗಿನ ಹಾಲು ಮುಗಿದ ಮೇಲೆ ಸಂಘದ ಕೋಣೆಯಲ್ಲೇ ಪಾಠ. ಮೊದಲ ಪಾಠ ಎಲ್ಲರಿಗೂ ಒಂದೇ, ತಮ್ಮ ಹೆಸರು ಟೈಪ್ ಮಾಡುವುದು. ಇಂಗ್ಲಿಷಿನಲ್ಲಿ ಮುನಿರತ್ನಮ್ಮ ಅಂತ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಕೀಬೋರ್ಡಿನಲ್ಲಿ ಅಕ್ಷರಗಳು ವರಸೆಯಾಗಿ ಇಲ್ಲದ್ದಕ್ಕೆ, ಅದನ್ನು ಮಾಡಿದವನಿಗೆ ತೆಲುಗಿನಲ್ಲಿ ಬೈದಳು. ಹೆಸರು ಪರದೆಯ ಮೇಲೆ ಮೂಡಿದಾಗ ಮಾತ್ರ ಸುಮ್ಮನಾದಳು. "ಇಷ್ಟುದ್ದ ಐತಾ ನನ್ನ ಹೆಸ್ರು!" ಅಂದಳು. ಆ ವಾರವೆಲ್ಲ ಬಿಡುವಾದಾಗಲೆಲ್ಲ ಅದನ್ನೇ ಒತ್ತಿದಳು. ಕೊನೆಗೆ ಕಣ್ಣು ಮುಚ್ಚಿಕೊಂಡೂ ಒತ್ತುವಂತಾದಳು.

ಎರಡನೆಯ ಪಾಠಕ್ಕೆ ಟರ್ಮಿನಲ್ ತೆರೆದೆ. ಕಪ್ಪು ಪರದೆಯ ಮೂಲೆಯಲ್ಲಿ, ಆ ಕಂಪ್ಯೂಟರಿನ ಯಜಮಾನ ಯಾರೋ ಅವರ ಹೆಸರು ತೋರಿಸುತ್ತದೆ. ಅದರ ಪಕ್ಕದಲ್ಲಿ ನಾವು ಬರೆಯಬೇಕು.

"ಇಲ್ಲೇನಿದೆ ಓದಕ್ಕಾ."

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ತುಟಿ ಅಲುಗಿತು. ತಟಕ್ಕನೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

"ಥೂ, ಇದುನ್ನ ಯಾಕಮ್ಮಿ ಇಲ್ಲಿ ಬರೆದಿಕ್ಕಿದ್ದೀಯ!"

ಪರದೆಯ ಮೇಲೆ ಇದ್ದದ್ದು ಗೋಪಾಲಪ್ಪ ಅಂತ.

ನಮ್ಮ ಕಡೆ ಹಳೇ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಅಂತ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ನಮ್ಮತ್ತೆಯೂ ಹೇಳುವುದಿಲ್ಲ. ಆದರೆ ಮುನಿರತ್ನಮ್ಮನದು ಅತಿ. ಪಕ್ಕದ ಊರಿನ ಗೋಪಾಲಸ್ವಾಮಿ ಗುಡಿ ಅವಳ ಬಾಯಲ್ಲಿ 'ಕೊಳಲು ಸ್ವಾಮಿ ಗುಡಿ'. ಬೀದಿಯಲ್ಲಿ ಗೋಪಿ ಅನ್ನುವ ಹುಡುಗನಿದ್ದಾನೆ, ಅವನು 'ಆ ಕುಳ್ಳ'. ಮದುವೆಯ ದಿನ ಹಸೆಮಣೆ ಮೇಲೆ ಎಲ್ಲರೂ ಬಲವಂತ ಮಾಡಿದಾಗ ಒಗಟಿನೊಳಗೆ ಸೇರಿಸಿ ಒಂದೇ ಒಂದು ಸಲ ಹೇಳಿದ್ದಳಂತೆ. ಅದಾದ ಮೇಲೆ ಆ ಹೆಸರು ಅವಳ ನಾಲಗೆಗೆ ಬಂದಿಲ್ಲ.

"ಅಕ್ಕಾ, ಹೇಳ್ಬೇಡ, ಮನಸ್ನಲ್ಲೇ ಓದ್ಕೋ."

"ಮನಸ್ನಲ್ಲಿ ಓದಿದ್ರೂ ಹೇಳ್ದಂಗೇ ಅಲ್ವಾ?"

ನನ್ನ ತಲೆ ಕೆಟ್ಟಿತು. ಅಷ್ಟರಲ್ಲಿ ಅವಳೇ ದಾರಿ ಹುಡುಕಿದಳು. ಹಣೆಯ ಮೇಲಿನ ಸ್ಟಿಕ್ಕರ್ ಬೊಟ್ಟನ್ನು ಕಿತ್ತು ಪರದೆಯ ಮೇಲೆ, ಸರಿಯಾಗಿ ಗಂಡನ ಹೆಸರು ಮುಚ್ಚುವಂತೆ ಅಂಟಿಸಿದಳು. ಬೊಟ್ಟು ಸಾಲದೆ ಕೊನೆಯ ಅಕ್ಷರಗಳು ಇಣುಕಿದವು. ಮಾರನೆಯ ದಿನ ಬರುವಾಗ ಒಂದು ಕಾರ್ಡು ಬೊಟ್ಟನ್ನೇ ತಂದಳು.

ಎಂಟರ್ ಒತ್ತಿದರೆ ಕೆಳಗೆ ಹೊಸ ಸಾಲು, ಆ ಸಾಲಿನಲ್ಲೂ ಗೋಪಾಲಪ್ಪ. ಅದಕ್ಕೊಂದು ಬೊಟ್ಟು. ಮತ್ತೊಂದು ಎಂಟರ್, ಮತ್ತೊಬ್ಬ ಗೋಪಾಲಪ್ಪ. ಪರದೆ ತುಂಬಿ ಸಾಲುಗಳು ಮೇಲಕ್ಕೆ ಸರಿದಾಗ ಬೊಟ್ಟುಗಳು ಇದ್ದಲ್ಲೇ ಉಳಿದವು, ಗೋಪಾಲಪ್ಪಂದಿರು ಒಬ್ಬೊಬ್ಬರಾಗಿ ಆಚೆ ಈಚೆ ಬಯಲಾದರು. ಮುನಿರತ್ನಮ್ಮ "ಅಯ್ಯಯ್ಯೋ" ಅನ್ನುತ್ತ ಎರಡೂ ಕೈಯಲ್ಲಿ ಮುಚ್ಚಿದಳು. ಆ ಹೆಸರನ್ನು ಅಲ್ಲಿಂದ ತೆಗೆಸುವುದು ನನಗೇನು ಗೊತ್ತಿಲ್ಲದ ವಿದ್ಯೆಯಲ್ಲ. ಆದರೂ ತೆಗೆಯಲಿಲ್ಲ. ಅವಳಿಗೆ ಹಠವಿದ್ದರೆ ನನಗಿಲ್ಲವೆ?

ಪಾಠ ಮುಂದುವರಿಯಿತು. ಕಪ್ಪು ಪರದೆಯಲ್ಲಿ ನಾವು ಎಲ್ಲಿದ್ದೇವೆ ಅಂತ ಕೇಳಲು ಪಿಡಬ್ಲ್ಯುಡಿ ಅಂತ ಒತ್ತಬೇಕು. "ರೋಡ್ ಹಾಕೋರಾ?" ಎಂದಳು. ಅಲ್ಲಕ್ಕಾ, ಒತ್ತು ಅಂದೆ. ಒತ್ತಿದಳು. ನೀನು ಮನೆಯಲ್ಲಿದ್ದೀಯ, ಅದು ಗೋಪಾಲಪ್ಪನ ಮನೆ, ಎಂದು ಉತ್ತರ ಬಂತು. ಲಿನಕ್ಸ್‌ನಲ್ಲಿ ಪ್ರತಿಯೊಬ್ಬರಿಗೂ ಅವರ ಹೆಸರಿನಲ್ಲೇ ಒಂದು ಮನೆ ಇರುತ್ತದೆ, ಅವರ ಫೈಲುಗಳೆಲ್ಲ ಅದರೊಳಗೆ. "ಇದುಕ್ಕೂ ಗೊತ್ತಾ ನಾನು ಯಾರ ಮನೇಲಿದ್ದೀನಿ ಅಂತ?" ಎಂದು ಬೊಟ್ಟು ಅಂಟಿಸಿದಳು. ಮನೆಯಲ್ಲಿ ಏನೇನಿದೆ ಅಂತ ನೋಡಲು ಎಲ್‌ಎಸ್. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಸಿಡಿ. ನಕಲು ಮಾಡಲು ಸಿಪಿ. ಅಳಿಸಲು ಆರ್‌ಎಂ, ಅದನ್ನು ಮುಟ್ಟುವಾಗ ಮಾತ್ರ ಹುಷಾರು, ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ, ಹೋಯಿತು ಅಂದರೆ ಹೋಯಿತು.

"ಅಂಗಾದ್ರೆ ಮೊದ್ಲು ನಕಲು ತೆಗಿ, ಆಮೇಲೆ ಅಳಿಸು" ಅಂದಳು. ಆ ಹೊತ್ತು ನನಗೆ ಅವಳ ಕೆನ್ನೆ ಹಿಂಡಬೇಕು ಅನ್ನಿಸಿತು.

ಆದರೆ ಪರೀಕ್ಷೆಯಲ್ಲಿ ಮುಖ್ಯವಾಗಿ ಮಾಡಬೇಕಾದದ್ದು ತಿಂಗಳ ಲೆಕ್ಕದ ಫೈಲನ್ನು ಪೆನ್ ಡ್ರೈವಿಗೆ ನಕಲು ಮಾಡಿ ಸೂಪರ್‌ವೈಸರಿಗೆ ಕೊಡುವುದು. ಅದಕ್ಕೆ ಪೆನ್ ಡ್ರೈವಿಗೆ ಹೋಗುವ ದಾರಿಯನ್ನು, ಕಾಗದಕ್ಕೆ ವಿಳಾಸ ಬರೆದ ಹಾಗೆ, ಪೂರ್ತಿ ಬರೆಯಬೇಕು, ಆ ದಾರಿಯ ನಡುವೆಯೂ ಯಜಮಾನನ ಹೆಸರು ಬರುತ್ತದೆ. ನೋಡಿದರೆ ಸಾಲದು, ಬೆರಳಿಂದ ಬರೆಯಲೇಬೇಕು. ಮುನಿರತ್ನಮ್ಮ ಕೈ ಕಟ್ಟಿ ಕೂತಳು.

"ನಾನು ಬರೆಯಾಕಿಲ್ಲ."

"ಕುರ್ಚಿ ಬೇಕೋ ಬ್ಯಾಡ್ವೋ?"

"ಕುರ್ಚೀನೂ ಬೇಕು, ಅವ್ರ ಆಯಸ್ಸೂ ಬೇಕು."

"ಬರೆದ್ರೆ ಸಾಯ್ತಾರಾ? ಅವರೇ ದಿನಾ ಬರ್ಕೋತಾರಲ್ಲ!"

"ಅವ್ರ ಹೆಸ್ರು ಅವ್ರು ಬರ್ಕೊಳ್ಲಿ. ನಾನು ಬರೆಯಾಕಿಲ್ಲ ಅಂದ್ರೆ ಬರೆಯಾಕಿಲ್ಲ."

ನಾನು ಬಾಗಿಲು ದಡಾರನೆ ಹಾಕಿಕೊಂಡು ಆಚೆ ಬಂದೆ. ಎದುರಿನ ಅಂಗಡಿಯಲ್ಲಿ ಟೀ ಕುಡಿದೆ. ಇವಳಿಗೆ ಕಲಿಸುವುದಕ್ಕಿಂತ ಅವಳ ಹಸುವಿಗೆ ಕಲಿಸುವುದು ವಾಸಿ ಅಂದುಕೊಂಡೆ. ಟೀ ಅರ್ಧ ಆಗುವಾಗ ಟ್ಯಾಬ್ ಗುಂಡಿ ನೆನಪಾಯಿತು. ನನ್ನ ಹಣೆಗೆ ನಾನೇ ಹೊಡೆದುಕೊಂಡು ವಾಪಸ್ ಓಡಿದೆ.

"ಅಕ್ಕಾ, ಮೊದಲಕ್ಷರ ಒಂದೇ ಒಂದು ಒತ್ತು. ಬರೀ ಜಿ. ಜಿ ಅಂದ್ರೆ ಗೌರಿ, ಗಣೇಶ, ಗಂಗೆ, ಯಾರಾದ್ರೂ ಆಗ್ಬೋದು, ತಪ್ಪೇನಿಲ್ಲ ಅಲ್ವಾ? ಈಗ ಈ ಗುಂಡಿ ಒತ್ತು."

ಎಡಗಡೆಯ ಟ್ಯಾಬ್ ಗುಂಡಿ ಒತ್ತಿದಳು. ಮೊದಲಕ್ಷರ ಕೊಟ್ಟರೆ ಮಿಕ್ಕಿದ್ದನ್ನು ಲಿನಕ್ಸ್ ತಾನೇ ತುಂಬಿಕೊಳ್ಳುತ್ತದೆ. ಗೋಪಾಲಪ್ಪ ಪೂರ್ತಿಯಾಗಿ ಪರದೆಯ ಮೇಲೆ ಬಂದು ನಿಂತ.

ಮುನಿರತ್ನಮ್ಮ ನನ್ನ ಮುಖ ನೋಡಿದಳು. ಗುಂಡಿ ನೋಡಿದಳು.

"ನಾನ್ ಹೇಳ್ಲಿಲ್ಲ. ಅದೇ ಹೇಳ್ತು."

"ಅದೇ ಹೇಳ್ತು ಕಣಕ್ಕಾ. ಪಾಪ ಬಂದ್ರೂ ಅದಕ್ಕೇ."

ಅವಳು ನಗಲು ಶುರುಮಾಡಿದಳು, ಬೂಸದ ಮೂಟೆಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವತ್ತು ಪೆನ್ ಡ್ರೈವಿಗೆ ಬೇಕಾದ್ದು ಬೇಡದ್ದು ಎಲ್ಲ ನಕಲಾಯಿತು.

ಇನ್ನು ಉಳಿದದ್ದು ಪಾಸ್‌ವರ್ಡು. ಲಿನಕ್ಸ್ ಹಾಕಿದಾಗ ನಾನೇ ಒಂದು ಇಟ್ಟುಕೊಟ್ಟಿದ್ದೆ, ಆಮೇಲೆ ಗೋಪಾಲಪ್ಪ ಬದಲಾಯಿಸಿಕೊಂಡಿದ್ದ. ಈಗ ಮುನಿರತ್ನಮ್ಮನ ಹೆಸರಿನಲ್ಲೇ ಬೇರೆ ಮನೆ ಮಾಡಿಕೊಡೋಣ ಅಂದರೂ ಮೊದಲು ಅವನ ಪಾಸ್‌ವರ್ಡ್ ಬೇಕು. ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದೆ.

"ಅಣ್ಣಾ, ಪಾಸ್‌ವರ್ಡ್ ಏನಿಟ್ಟಿದ್ದೀರಿ?"

ಗೋಪಾಲಪ್ಪ ಕೆಂಪಗಾದ. ಟವೆಲಿನಲ್ಲಿ ಮುಖ ಒರೆಸಿಕೊಂಡ. "ಅದ್ಯಾಕಮ್ಮ ಈಗ? ನಾನು ಬೆಳಿಗ್ಗೆ ಬಂದು ತೆಗೆದಿಕ್ಕಿ ಹೋಯ್ತೀನಲ್ಲ. ಪರೀಕ್ಷೆ ಒಂದು ಆಗ್ಲಿ, ಆಮೇಲೆ ನೋಡಾಣ" ಎಂದು ಬಂದ ಬಸ್ಸು ಹತ್ತಿಬಿಟ್ಟ. ಅದು ಅವನ ಬಸ್ಸೂ ಅಲ್ಲ, ಆನೇಕಲ್ಲಿಗೆ ಹೋಗುವ ಬಸ್ಸು.

ಅವನು ಬೆಳಿಗ್ಗೆ ಪಾಸ್‌ವರ್ಡ್ ಒತ್ತುವಾಗ ಕೀಬೋರ್ಡಿನ ಮೇಲೆ ಟವೆಲ್ ಮುಚ್ಚಿಕೊಂಡು ಅದರೊಳಗೆ ಕೈ ಹಾಕಿ ಒತ್ತುತ್ತಾನೆ ಅನ್ನುವುದು ಆಮೇಲೆ ತಿಳಿಯಿತು. ಇದನ್ನು ಕಿಟಕಿಯಲ್ಲಿ ಮೊದಲ ಸರದಿಗೆ ನಿಲ್ಲುವ ಗಂಗರತ್ನಮ್ಮ ನೋಡಿ, ಬಾಯಿಗೆ ಬೀಗವಿಲ್ಲದವಳಾದ್ದರಿಂದ ಮುನಿರತ್ನಮ್ಮನಿಗೆ ಹೇಳಿ, ಜೊತೆಗೆ ತನ್ನದೂ ಸೇರಿಸಿದಳು. "ನನ್ನ ತಮ್ಮನೂ ಫೋನಿಗೆ ಅಂಗೇ ಯಾವಳದೋ ಹೆಸ್ರಿಕ್ಕಿದ್ದ ಕಣಕ್ಕಾ, ಆಮ್ಯಾಕೆ ಪಂಚಾಯ್ತಿ ಆಯ್ತು."

ಮುನಿರತ್ನಮ್ಮ ಎರಡು ದಿನ ಪಾಠಕ್ಕೆ ಬರಲಿಲ್ಲ. ಬಂದ ದಿನ ಮುಖ ಊದಿತ್ತು. "ಬಾಯಿಲ್ಲದ ಮನುಷ್ಯ ಅಂದ್ಕೊಂಡಿದ್ದೆ. ಬೆರಳಲ್ಲಿ ಏನೇನು ಮಾಡ್ತಾನೋ ಯಾರಿಗ್ಗೊತ್ತು" ಎಂದಳು. ಗಂಡನಿಗೆ ಏಕವಚನ ಬಂದದ್ದು ನೋಡಿ ನನಗೇ ಗಾಬರಿಯಾಯಿತು. ಆ ಬೀಗವನ್ನು ಮುರಿದು ಬೇರೆ ಪಾಸ್‌ವರ್ಡ್ ಹಾಕುವ ದಾರಿ ಇದೆ, ಆದರೆ ಒಬ್ಬರ ಮನೆಯ ಬೀಗ ಮುರಿಯುವುದು ನನ್ನ ಕಸುಬಲ್ಲ. ಅದೂ ಒಳಗೆ ಏನು ಸಿಗುತ್ತದೋ ಗೊತ್ತಿಲ್ಲದಾಗ.

ಪರೀಕ್ಷೆಯ ದಿನ ಬಂತು. ಗೋಪಾಲಪ್ಪ ಎಂದಿನಂತೆ ಬೆಳಿಗ್ಗೆ ಬಂದು, ಟವೆಲ್ ಮುಚ್ಚಿ, ಕಂಪ್ಯೂಟರ್ ತೆರೆದಿಟ್ಟು ಹೊಸೂರಿಗೆ ಹೋದ. ಮುನಿರತ್ನಮ್ಮ ರೇಷ್ಮೆ ಸೀರೆ ಉಟ್ಟು ಬಂದಳು, ಹೊಸ ಬೊಟ್ಟಿನ ಕಾರ್ಡು ಸೊಂಟದಲ್ಲಿ. ಹರಿಕೃಷ್ಣ ಬಂದು ಕೂತರು. "ನೀವು ಬಾಯಿ ಹಾಕಂಗಿಲ್ಲ, ಕೈನೂ ಹಾಕಂಗಿಲ್ಲ" ಎಂದು ನನ್ನನ್ನು ಬಾಗಿಲ ಹತ್ತಿರ ನಿಲ್ಲಿಸಿದರು. ಕಿಟಕಿಯಾಚೆ ಹಾಲು ಹಾಕುವ ಹೆಂಗಸರೆಲ್ಲ ಮುಖ ಒತ್ತಿ ನಿಂತಿದ್ದರು.

ಮುನಿರತ್ನಮ್ಮ ಕುರ್ಚಿಯಲ್ಲಿ ಕೂತಳು. ಕೈ ಕೀಬೋರ್ಡಿನ ಮೇಲಿಟ್ಟಳು. ಕರೆಂಟು ಹೋಯಿತು.

ಸಂಘದ ಬ್ಯಾಟರಿಯೋ, ಹೆಸರಿಗೆ ಬ್ಯಾಟರಿ. ಕುಂಯ್ ಅಂದು ಸತ್ತಿತು. ಕರೆಂಟು ಬೇಗನೆ ವಾಪಸ್ ಬಂತು, ಕಂಪ್ಯೂಟರ್ ಮತ್ತೆ ಎದ್ದಿತು. ಎದ್ದು ಪಾಸ್‌ವರ್ಡ್ ಕೇಳಿತು.

ಮುನಿರತ್ನಮ್ಮ ಸುಗುಣಾ ಅಂತ ಹೊಡೆದಳು, ಆಗಲಿಲ್ಲ. ಹಸುವಿನ ಹೆಸರು ಹೊಡೆದಳು, ಆಗಲಿಲ್ಲ. ಮನೆದೇವರು ಮುನೇಶ್ವರನೂ ಬಾಗಿಲು ತೆಗೆಯಲಿಲ್ಲ. ಹರಿಕೃಷ್ಣ ಗಡಿಯಾರ ನೋಡಿಕೊಂಡರು. "ಏನಮ್ಮಾ, ಪಾಸ್‌ವರ್ಡೇ ಗೊತ್ತಿಲ್ದೆ ಕೂತ್ಕೊಂಡ್ರೆ ಎಪ್ಪಡಿ, ಹೆಂಗೆ? ನನಗೆ ಇನ್ನೂ ಎರಡು ಸಂಘ ಇದೆ."

"ಒಂದ್ನಿಮಿಷ ಸಾರ್, ಕೇಳ್ತೀನಿ."

ಆದರೆ ಫ್ಯಾಕ್ಟರಿಯೊಳಗೆ ಮೊಬೈಲ್ ಬಿಡುವುದಿಲ್ಲ, ಗೇಟಿನಲ್ಲೇ ಕೊಟ್ಟು ಹೋಗಬೇಕು. ಅವಸರಕ್ಕೆಂದು ಗೋಪಾಲಪ್ಪ ಸೆಕ್ಯೂರಿಟಿ ರೂಮಿನ ನಂಬರನ್ನು ಅವಳ ಫೋನಿನಲ್ಲಿ ಹಾಕಿಕೊಟ್ಟಿದ್ದ. ಸ್ಪೀಕರ್ ಹಾಕಿ ಮಾಡಿದಳು. ಗೇಟಿನವನು ತಮಿಳಿನವನು.

"ಯಾರು ವೇಣುಮ್ಮಾ?"

"ನಮ್ಮೋರು ಬೇಕು. ಸ್ಟೋರ್ಸ್‌ನಲ್ಲಿ ಇರ್ತಾರೆ."

"ಪೇರು ಸೊಲ್ಲುಂಗಮ್ಮಾ."

ಹೆಸರು ಹೇಳಬೇಕಂತೆ. ಮುನಿರತ್ನಮ್ಮ ಫೋನನ್ನೇ ದಿಟ್ಟಿಸಿದಳು. ಅದರಲ್ಲಿ ಟ್ಯಾಬ್ ಗುಂಡಿ ಇರಲಿಲ್ಲ.

"ಪೇರು... ಅದೇ, ಕೊಳಲು ಸ್ವಾಮಿ ಹೆಸ್ರು. ಉದ್ದಕ್ಕವ್ರೆ. ಬುಟ್ಟೀಲಿ ಮೊಸರನ್ನ ಇರ್ತದೆ."

"ಅಮ್ಮಾ, ಇಂಗೆ ಎಲ್ಲಾರುಂ ಮೊಸರನ್ನಮೇ!"

ಕಿಟಕಿಯಾಚೆ ಹೆಂಗಸರು ಕಿಸಕ್ಕೆಂದರು. ನಾನು ಬಾಯಿ ತೆರೆದೆ, ಹರಿಕೃಷ್ಣ ಕಣ್ಣು ಬಿಟ್ಟರು, ಮುಚ್ಚಿಕೊಂಡೆ. ಕೊನೆಗೆ ಅವರಿಗೇ ತಡೆಯಲಾಗಲಿಲ್ಲ. ಫೋನಿನತ್ತ ಬಗ್ಗಿ "ಗೋಪಾಲಪ್ಪ, ಸ್ಟೋರ್ಸ್, ಗುಮ್ಮಳಾಪುರಂ" ಎಂದು ಗದರಿದರು. ಮುನಿರತ್ನಮ್ಮ ಕಿವಿ ಮುಚ್ಚಿಕೊಂಡಳು.

ಸ್ವಲ್ಪ ಹೊತ್ತಿಗೆ ಗೋಪಾಲಪ್ಪ ಏದುಸಿರು ಬಿಡುತ್ತ ಬಂದ.

"ಏನಾಯ್ತೇ? ಹಸು ಏನಾದ್ರೂ..."

"ಹಸು ಚೆನ್ನಾಗೈತೆ. ಪಾಸ್‌ವರ್ಡ್ ಹೇಳು."

"ಅಲ್ಲಿ ಯಾರ್ಯಾರವ್ರೆ?" ಎಂದ.

"ಎಲ್ಲಾರೂ ಅವ್ರೆ. ಸಾರ್ ಅವ್ರೆ, ವನಿತಾ ಅವ್ಳೆ, ಕಿಟಕೀಲಿ ಊರೇ ಐತೆ."

"ಸಾಯಂಕಾಲ ಬಂದು ಹೇಳ್ತೀನಿ."

"ಸಾಯಂಕಾಲ ನನ್ನ ತಿಥಿ ಮಾಡು!" ಅವಳ ಗಂಟಲು ಅಂಚೆಟ್ಟಿಯ ಬೆಟ್ಟಕ್ಕೇರಿತು. "ಕುರ್ಚಿ ಹೋಯ್ತಾ ಐತೆ ಇಲ್ಲಿ! ಯಾವಳ ಹೆಸ್ರಿಕ್ಕಿದ್ದೀಯೋ ಹೇಳ್ಬುಡು, ನಾನೇನೂ ಅನ್ನಾಕಿಲ್ಲ. ಹೇಳು! ಯಾವಳು ಅವಳು?"

"ಲೇ, ಮೆತ್ತಗೆ! ಇಲ್ಲಿ ಗೇಟ್ನೋರೆಲ್ಲ ಕೇಳ್ತಾವ್ರೆ."

"ಕೇಳ್ಲಿ!"

ಗೋಪಾಲಪ್ಪ ಕೆಮ್ಮಿದ. ಅಲ್ಲಿ ಕಿಟಕಿಯ ಕಂಬಿ ಇರಲಿಲ್ಲವೋ ಏನೋ, ಮೇಜನ್ನು ಟಕಟಕ ಬಡಿದ ಸದ್ದು ಕೇಳಿಸಿತು.

"ರೇಷನ್ ಕಾರ್ಡ್ ಮೇಲೆ ಯಾರ ಫೋಟೋ ಐತೆ?"

"ರೇಷನ್ ಕಾರ್ಡಾ? ಈಗ ರೇಷನ್ ಯಾಕೆ ಬಂತು? ಯಾರದೈತೆ, ನಂದೈತೆ."

"ಅವ್ರ ಹೆಸ್ರೇ."

"ಯಾರ ಹೆಸ್ರು?"

"ಫೋಟೋದಲ್ಲಿರೋರ ಹೆಸ್ರೇ ಕಣೇ! ಎಲ್ಲಾ ಸಣ್ಣಕ್ಷರ!" ಎಂದವನೇ ಫೋನಿಟ್ಟುಬಿಟ್ಟ.

ಮೊದಲು ಅರ್ಥವಾದದ್ದು ಗಂಗರತ್ನಮ್ಮನಿಗೆ. "ಅಯ್ಯೋ ನಿನ್ನ! ನಿಂದೇ ಕಣಕ್ಕಾ!" ಎಂದು ಕಿಟಕಿಯ ಕಂಬಿ ಹಿಡಿದು ಕುಣಿದಳು. ಆಮೇಲೆ ನನಗಾಯಿತು. ಕೆಮ್ಮಿ ಕರೆಯುವ ಗಂಡಸು, ಹಾಲು ತೆಗೆದುಕೊಳ್ಳುವ ಮುಂಚೆ, ಟವೆಲಿನೊಳಗೆ ಕೈಯಿಟ್ಟು, ಬೆಳಿಗ್ಗೆ ಒಂದು ಸಲ ಸಾಯಂಕಾಲ ಒಂದು ಸಲ ಇಷ್ಟು ವರ್ಷ ಅವಳ ಹೆಸರನ್ನೇ ಬರೆಯುತ್ತಿದ್ದ. ಸಿಟ್ಟಿನ ಹೆಂಗಸು ಕಣ್ಣೊರೆಸಿಕೊಂಡರೆ ನೋಡಲು ಚೆನ್ನಾಗಿರುವುದಿಲ್ಲ ಅಂತ ಬಾಗಿಲ ಕಡೆ ತಿರುಗಿದೆ.

ಮುನಿರತ್ನಮ್ಮ ಮೂಗು ಒರೆಸಿಕೊಂಡು ಮೊದಲ ಪಾಠವನ್ನು ಒತ್ತಿದಳು, ಕೀಬೋರ್ಡು ನೋಡದೆ. ಬಾಗಿಲು ತೆರೆಯಿತು.

ಅಲ್ಲಿಂದ ಮುಂದೆ ಹೂವು ಎತ್ತಿದಷ್ಟು ಹಗುರ. ಎಲ್‌ಎಸ್ ಒತ್ತಿ ಫೈಲು ಹುಡುಕಿದಳು, ತಿಂಗಳ ಲೆಕ್ಕ ತೋರಿಸಿದಳು. ಸಿಪಿ ಅಂದು, ಜಿ ಒತ್ತಿ ಟ್ಯಾಬ್ ಒತ್ತಿ, ಪೆನ್ ಡ್ರೈವಿಗೆ ನಕಲು ಮಾಡಿದಳು. ಪೆನ್ ಡ್ರೈವನ್ನು ಸುಮ್ಮನೆ ಕೀಳದೆ, ಬಿಡು ಅಂತ ಕಂಪ್ಯೂಟರಿಗೆ ಹೇಳಿಯೇ ತೆಗೆದಳು. ಹಳೆಯ ಫೈಲು ಅಳಿಸಿ ಅಂದದ್ದಕ್ಕೆ "ನಕಲು ಆಗೈತಾ ನೋಡ್ತೀನಿ ತಡೀರಿ ಸಾರ್" ಎಂದು ಅವರನ್ನೇ ಕಾಯಿಸಿದಳು. ನಡುನಡುವೆ ಬೊಟ್ಟು ಅಂಟಿಸುವುದನ್ನು ಮಾತ್ರ ಬಿಡಲಿಲ್ಲ. ಹರಿಕೃಷ್ಣ ಪರದೆಯನ್ನೂ ಅವಳನ್ನೂ ನೋಡಿ, ಏನೋ ಕೇಳಲು ಹೋಗಿ, ಬೇಡವೆಂದು ಬಿಟ್ಟರು.

"ಶರಿಮ್ಮಾ" ಎಂದು ಎದ್ದರು. "ನಾಳೆಯಿಂದ ನೀವೇ ಕೂತ್ಕೊಳ್ಳಿ. ಆದ್ರೆ ನಿಮ್ಮ ಹೆಸ್ರಲ್ಲಿ ಬೇರೆ ಲಾಗಿನ್ ಮಾಡ್ಕೊಳ್ಳಿ, ನಿಮ್ಮ ರೇಷನ್ ಕಾರ್ಡ್ ಪಾಸ್‌ವರ್ಡ್ ಈಗ ಊರಿಗೆಲ್ಲ ಗೊತ್ತಾಗಿದೆ."

ಊರಿಗೆ ಮಾತ್ರವಲ್ಲ, ಕಂಪನಿ ಬಸ್ಸಿಗೂ ಗೊತ್ತಾಗಿತ್ತು. ಸಾಯಂಕಾಲ ಗೋಪಾಲಪ್ಪ ಇಳಿಯುವಾಗ ಬಸ್ಸಿನೊಳಗಿಂದ "ರೇಷನ್ ಕಾರ್ಡಣ್ಣಾ, ಬತ್ತೀವಿ!" ಎಂದು ಕೂಗಿದರು. ಅವನು ಟವೆಲನ್ನು ತಲೆಯ ಮೇಲೆ ಹೊದ್ದು ಮನೆಯ ಕಡೆ ಓಡಿದ.

ಭಾನುವಾರ ಅವನಿಗೆ ರಜೆ. ಹಾಲಿನ ಕ್ಯಾನು ಹಿಡಿದು ಕಿಟಕಿಗೆ ಬಂದು ಸಾಲಿನಲ್ಲಿ ನಿಂತ. ನಾನೂ ಹೊಸ ಲಾಗಿನ್ ಮಾಡಿಕೊಡಲು ಹೋಗಿದ್ದೆ. ಮುನಿರತ್ನಮ್ಮ ಒಳಗಿನಿಂದ ಕೂಗುತ್ತಿದ್ದಳು. "ಗಂಗರತ್ನಮ್ಮಾ, ಮೂರು ಪಾಯಿಂಟ್ ಒಂಬತ್ತು! ಅಂಗ್ ನೋಡ್ಬೇಡ, ಮಿಷನ್ನೇ ಹೇಳ್ತಾ ಐತೆ!" ಗಂಡನ ಸರದಿ ಬಂತು. ಸಾಲೆಲ್ಲ ಬಾಯಿ ಮುಚ್ಚಿ ಕಾದಿತು. ಅವಳು ಒಂದು ಸಲ ಕೆಮ್ಮಿದಳು. ಬೆರಳಲ್ಲಿ ಕಂಬಿ ಬಡಿದಳು. ಗೋಪಾಲಪ್ಪ ತಲೆ ತಗ್ಗಿಸಿ ನಗುತ್ತ ಮುಂದೆ ಬಂದ.

ಹಾಲು ಮುಗಿದ ಮೇಲೆ ಕಿಟಕಿ ಹಾಕಿ ಲಾಗಿನ್ ಮಾಡಲು ಕೂತೆವು. ಹೊಸ ಮನೆಗೆ ಮುನಿರತ್ನಮ್ಮ ಅಂತ ಹೆಸರಾಯಿತು. ಕಪ್ಪು ಪರದೆ ಹೊಸ ಪಾಸ್‌ವರ್ಡ್ ಕೇಳಿತು.

"ಇಲ್ಲಿ ಒತ್ತಿದ್ದು ಕಾಣಿಸ್ತದಾ?" ಎಂದಳು.

"ಇಲ್ಲ ಅಕ್ಕಾ. ಈ ಪರದೇಲಿ ಚುಕ್ಕಿ ಕೂಡ ಬರಲ್ಲ. ಒತ್ತಿದ್ದು ನಿನಗೆ ಮಾತ್ರ ಗೊತ್ತು. ಇಲ್ಲಿ ಟ್ಯಾಬ್ ನಡೆಯಲ್ಲ, ಎಲ್ಲಾ ಅಕ್ಷರಾನೂ ನೀನೇ ಒತ್ಬೇಕು."

"ಯಾರೂ ಓದಾಕಾಗಲ್ವಾ? ದೇವರಾಣೆ?"

"ದೇವರಾಣೆ."

"ಅಂಗಾದ್ರೆ ಆ ಕಡೆ ತಿರುಗು."

ತಿರುಗಿದೆ. ಆದರೆ ಗೋಡೆಯ ಮೇಲಿನ ದೇವರ ಪಟಕ್ಕೆ ಗಾಜಿತ್ತು, ಅದರಲ್ಲಿ ಕಂಡಿತು. ಮುನಿರತ್ನಮ್ಮ ಕೆನ್ನೆಗೆ ಮೆಲ್ಲಗೆ ತಪ್ಪು ತಪ್ಪು ಎಂದು ಬಡಿದುಕೊಂಡಳು. ಆಮೇಲೆ ತೋರುಬೆರಳು ಚಾಚಿ ಜಿ ಒತ್ತಿದಳು. ಅಭ್ಯಾಸದಿಂದ ಎಡಗೈ ಟ್ಯಾಬಿನ ಮೇಲೆ ಹೋಯಿತು, ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಒಂದೊಂದೇ ಅಕ್ಷರ ಹುಡುಕಿ, ಅವಸರವಿಲ್ಲದೆ, ಕೊನೆಯವರೆಗೂ ಒತ್ತಿದಳು.

ಪಾಸ್‌ವರ್ಡಿಗೆ ಮನೆಯವರ ಹೆಸರು ಇಡಬೇಡಿ, ಯಾರಾದರೂ ಊಹಿಸುತ್ತಾರೆ ಎಂದು ನಾನು ಎಲ್ಲರಿಗೂ ಬಾಯಿ ನೋಯುವಷ್ಟು ಹೇಳುತ್ತೇನೆ. ಅವತ್ತು ಹೇಳಲಿಲ್ಲ.

"ಇನ್ನೊಂದ್ಸಲ ಕೇಳ್ತಾ ಐತಲ್ಲ ಕಣಮ್ಮಿ" ಎಂದಳು.

"ಸರಿಯಾಗಿ ಒತ್ತಿದ್ದೀಯಾ ಅಂತ ಎರಡು ಸಲ ಕೇಳ್ತದೆ ಅಕ್ಕಾ."

"ಔದಾ?" ಎಂದಳು. ಇನ್ನೊಂದು ಸಲವೂ ಒತ್ತಿದಳು.